ಮಾನಹಾನಿಯ ಖಟ್ಲೆಯಲ್ಲಿ ಶಾಬೀತಾಗಬೇಕಾದುದೇನು?

"ನಿಮ್ಮ ಮೇಲೆ ಮಾನಹಾನಿಯ ಖಟ್ಲೆ ಹೂಡುತ್ತೇನೆ" ಎಂಬ ಬೆದರಿಕೆಯು ನಮ್ಮ ಊರುಗಳಲ್ಲಿ ಪುರಸಭೆಯ ಚುನಾವಣೆ ಬಂದಾಗಲೂ, ಸಹಕಾರಿ ಸಂಘದ ವಾರ್ಷಿಕ ಸಭೆ ನೆರೆದಾಗಲೂ, ದಾಯಾದಿಗಳ ಕಲಹವು ಬೀದಿಗೆ ಬಿದ್ದಾಗಲೂ ಕೇಳಿಬರುವಂಥದು. ಪತ್ರಿಕಾ ಕಚೇರಿಗಳಿಗಂತೂ ಇಂಥ ವಕೀಲರ ನೋಟೀಸುಗಳು ಹೊಸವಲ್ಲ. ಬೆದರಿಸುವವರು ಬಹಳ, ಹೂಡುವವರು ಕೆಲವರು, ಹೂಡಿದ್ದನ್ನು ಕೊನೆಯ ತನಕ ನಡೆಯಿಸುವವರು ಇನ್ನೂ ಕೆಲವರು. ಆದರೆ ಬೆದರಿಸುವವರಿಗೂ ಅದಕ್ಕೆ ಅಂಜುವವರಿಗೂ ಸಮಾನವಾದ ಒಂದು ಸಂಗತಿಯುಂಟು. ಫೌಜದಾರಿ ಕೋರ್ಟಿನಲ್ಲಿ ಇಂಥ ಖಟ್ಲೆಯು ನಿಲ್ಲಬೇಕಾದರೆ ಯಾವ ಯಾವ ಅಂಶಗಳನ್ನು ಯಾರು ಶಾಬೀತು ಮಾಡತಕ್ಕದ್ದೆಂಬುದು ಇಬ್ಬರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಈ ವಿಷಯವನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಈ ಕಾಯದೆಯ ಬಿಸಿಯು ನಮ್ಮ ರಾಷ್ಟ್ರೀಯ ಪತ್ರಿಕೆಗಳಿಗೆ ತಟ್ಟಿದ್ದು ನಿನ್ನೆ ಮೊನ್ನೆಯಲ್ಲ. ಲೋಕಮಾನ್ಯ ಟಿಳಕರು ಮೊಟ್ಟಮೊದಲು ಸೆರೆಮನೆ ಕಂಡದ್ದು ರಾಜದ್ರೋಹದ ಆರೋಪದಿಂದ ಎಂದು ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ೧೮೯೭ರ ರಾಜದ್ರೋಹದ ಖಟ್ಲೆಗೆ ಹದಿನೈದು ವರುಷ ಮೊದಲೇ, ೧೮೮೨ರಲ್ಲಿ, ಅವರೂ ಗೋಪಾಳ ಗಣೇಶ ಆಗರಕರರೂ ಮಾನಹಾನಿಯ ಗುನ್ಹೆಗಾಗಿ ನಾಲ್ಕು ತಿಂಗಳ ಶಿಕ್ಷೆ ಹೊಂದಿ ಮುಂಬಯಿಯ ಡೋಂಗರಿ ತುರಂಗವನ್ನು ಸೇರಿದರು. ಕೇಸರಿ, ಮರಾಠಾ ಪತ್ರಿಕೆಗಳು ಹುಟ್ಟಿ ಆಗ್ಗೆ ಒಂದೂವರೆ ವರುಷವಾಗಿತ್ತು. ಸಂಪಾದಕರಿಬ್ಬರೂ ಇಪ್ಪತ್ತೈದು ಇಪ್ಪತ್ತಾರರ ತರುಣರು. ನಮ್ಮ ಬೆಳಗಾವಿ ಸೀಮೆಗೆ ಹತ್ತಿಕೊಂಡಿರುವ ಕೊಲ್ಹಾಪುರ ಸಂಸ್ಥಾನದ ಎಳೆಯ ಮಹಾರಾಜರನ್ನು ಬುದ್ಧಿಭ್ರಮಣೆಯ ನೆಪದಿಂದ ಹಿಂಸೆಗೆ ಗುರಿಮಾಡಲಾಗುತ್ತಿದೆ ಎಂಬ ಕೂಗು ಆ ಕಾಲದಲ್ಲಿ ಎದ್ದಿತ್ತು. ಸಂಸ್ಥಾನದ ದಿವಾಣರಾಗಿದ್ದ ಬರ್ವೆಯವರು ಬರೆದವೆನ್ನಲಾದ ಕೆಲವು ಪತ್ರಗಳು ಈ ಸಂಪಾದಕರ ಕೈಗೆ ಬಂದವು. ಅವುಗಳನ್ನು ನಂಬಿ ಅವರು ದಿವಾಣರ ಮೇಲೆ ಕಠೋರವಾಗಿ ಬರೆದರು. ಬರ್ವೆಯವರು ಖಟ್ಲೆ ಹೂಡಿದರು. ಪತ್ರಗಳು ಕೃತ್ರಿಮವಾದವುಗಳೆಂದು ಹೊರಬಿದ್ದಿತು. ಸಂಪಾದಕರು ಕ್ಷಮೆ ಬೇಡಿದರು. ತತ್ರಾಪಿ ಶಿಕ್ಷೆಯು ತಪ್ಪಲಿಲ್ಲ. ೧೦೧ ದಿವಸಗಳನ್ನು ತುರಂಗದಲ್ಲಿ ಕಳೆದು ಅವರು ಹೊರಬಂದರು. ಮರುವರುಷ, ೧೮೮೩ರ ಡಿಸೆಂಬರದಲ್ಲಿ, ಮಹಾರಾಜರು ಅಹಮದನಗರದಲ್ಲಿ ದುರ್ಮರಣಕ್ಕೆ ಈಡಾದರು. ಎಂದ ಮೇಲೆ ಜನರ ಕಳವಳಕ್ಕೆ ಕಾರಣವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಕೋರ್ಟಿನ ಮುಂದಿದ್ದುದು ಜನರ ಕಳವಳದ ಪ್ರಶ್ನೆಯಲ್ಲ, ಪತ್ರಗಳ ಪ್ರಶ್ನೆ. ಅವುಗಳನ್ನು ಅಚ್ಚಿಗೆ ಕೊಡುವ ಮೊದಲು ಸಂಪಾದಕರು ಎಷ್ಟು ಪರೀಕ್ಷಿಸಿದ್ದರು ಎಂಬಲ್ಲಿಗೆ ಮಾತು ನಿಂತಿತು. ಇಂದಿಗೂ ಪತ್ರಿಕೆಗಳ ಮೇಲಿನ ಇಂಥ ಖಟ್ಲೆಗಳ ಮರ್ಮವು ಅಲ್ಲಿಯೇ ಇದೆ.

ಟಿಳಕ-ಆಗರಕರರನ್ನು ಹಿಡಿದ ಕಾಯದೆಯು ೧೮೬೦ರ ಇಂಡಿಯನ್ ಪೀನಲ್ ಕೋಡಿನದು. ಮೆಕಾಲೆಯ ಮಂಡಲವು ೧೮೩೭ರಲ್ಲಿ ಕರಡು ಮಾಡಿದ ಆ ಸಂಹಿತೆಯು ೧೮೬೨ರ ಜನೆವರಿ ೧ರಿಂದ ಜಾರಿಗೆ ಬಂದಿತು. ಅದರ ೪೯೯ನೆಯ ಕಲಮು ಮಾನಹಾನಿಯ ಲಕ್ಷಣವನ್ನೂ ೫೦೦ನೆಯದು ಶಿಕ್ಷೆಯನ್ನೂ ಹೇಳುತ್ತಿದ್ದವು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದು, ಈ ಎಲ್ಲವೂ ಅದರ ೩೫೬ನೆಯ ಕಲಮಿನಲ್ಲಿ ಅಡಕವಾಗಿವೆ. ಸಂಹಿತೆಯ ಹೆಸರು ಬದಲಾಯಿತು, ಕಲಮಿನ ಅಂಕೆ ಬದಲಾಯಿತು. ಒಳಗಿನ ತಿರುಳು ಮಾತ್ರ ಹೆಚ್ಚುಕಡಿಮೆ ಮೆಕಾಲೆಯ ಕಾಲದ್ದೇ. ನಾಲ್ಕು ವಿವರಣೆಗಳೂ ಹತ್ತು ಅಪವಾದಗಳೂ ಹಾಗೆಯೇ ಉಳಿದಿವೆ. ಎರಡು ವರುಷಗಳ ವರೆಗಿನ ಸಾದಾ ಕೈದು, ಇಲ್ಲವೆ ದಂಡ, ಇಲ್ಲವೆ ಎರಡೂ ಎಂಬ ಹಳೆಯ ಶಿಕ್ಷೆಯ ಜೊತೆಗೆ ಸಮುದಾಯ ಸೇವೆಯೆಂಬ ಹೊಸ ಶಿಕ್ಷೆಯೊಂದು ಸೇರಿದೆ. ಆ ದಿನಾಂಕಕ್ಕಿಂತ ಮೊದಲು ನಡೆದ ಗುನ್ಹೆಗಳಿಗೆ ಹಳೆಯ ಕೋಡೇ ಅನ್ವಯಿಸುತ್ತದೆ.

ಇನ್ನು ಫಿರ್ಯಾದಿಯು ತೋರಿಸಬೇಕಾದುದೇನು? ಒಬ್ಬನನ್ನು ಕುರಿತು ಒಂದು ಆಪಾದನೆಯಿರಬೇಕು. ಅದು ಬಾಯಿಮಾತಾಗಿರಬಹುದು, ಬರಹವಾಗಿರಬಹುದು, ಸಂಜ್ಞೆಯಾಗಿರಬಹುದು, ಚಿತ್ರವಾಗಿರಬಹುದು. ಇಂಗ್ಲೆಂಡಿನ ಕಾಯದೆಯಲ್ಲಿ ಬರೆದ ನಿಂದೆಗೂ ಆಡಿದ ನಿಂದೆಗೂ ಇದ್ದ ಭೇದವು ನಮ್ಮಲ್ಲಿಲ್ಲ. ನೇರವಾಗಿಯೇ ಹೇಳಿರಬೇಕೆಂಬ ನಿಯಮವೂ ಇಲ್ಲ. ಗಡಿಯಾರವನ್ನು ಯಾರು ಕದ್ದರೆಂದು ಕೇಳಿದಾಗ, ಕದ್ದವನು ಅವನೇ ಎಂದು ನಂಬಿಸುವ ಉದ್ದೇಶದಿಂದ "ಅವನು ಬಹಳ ಪ್ರಾಮಾಣಿಕ, ಅವನು ಕದ್ದಿರಲಾರ" ಎಂದು ವ್ಯಂಗ್ಯವಾಗಿ ನುಡಿಯುವುದೂ ಮಾನಹಾನಿಯೇ ಎಂಬರ್ಥದ ಉದಾಹರಣೆಯನ್ನು ಸಂಹಿತೆಯೇ ಕೊಡುತ್ತದೆ. ನಮ್ಮ ಜನರ ಕೊಂಕುಮಾತಿನ ಚಾತುರ್ಯವನ್ನು ಬಲ್ಲವರಿಗೆ ಈ ಉದಾಹರಣೆಯ ಅರ್ಥವು ಒಡನೆಯೇ ಆದೀತು.

ಆ ಮಾತು ಮೂರನೆಯವರನ್ನು ಮುಟ್ಟಿರಬೇಕು. ಮುಚ್ಚಿದ ಲಕೋಟೆಯಲ್ಲಿ ಒಬ್ಬನಿಗೆ ಬೈದು ಬರೆದರೆ, ಅದನ್ನು ಅವನೊಬ್ಬನೇ ಓದಿಕೊಂಡರೆ, ಅದು ಪ್ರಕಟಣೆಯಾಗಲಿಲ್ಲ. ಎದುರು ನಿಂತು ಏಕಾಂತದಲ್ಲಿ ಬೈದರೆ ಅದು ಅವಮಾನವಾದೀತು. ಶಾಂತತೆಯ ಭಂಗಕ್ಕೆ ಪ್ರಚೋದಿಸುವ ಅವಮಾನಕ್ಕೆ ಬೇರೆ ಕಲಮಿದೆ. ಮಾನಹಾನಿಯಲ್ಲಿ ರಕ್ಷಿತವಾಗಿರುವುದು ಮನುಷ್ಯನು ತನ್ನ ಬಗ್ಗೆ ತಾನಿಟ್ಟುಕೊಂಡ ಅಭಿಮಾನವಲ್ಲ, ಪರರ ಮನಸ್ಸಿನಲ್ಲಿ ಅವನಿಗಿರುವ ಬೆಲೆ. ಆದುದರಿಂದಲೇ ನಾಲ್ಕನೆಯ ವಿವರಣೆಯು, ಪರರ ದೃಷ್ಟಿಯಲ್ಲಿ ಅವನ ಶೀಲವನ್ನೋ ಬುದ್ಧಿಯನ್ನೋ, ಜಾತಿ ಅಥವಾ ವೃತ್ತಿಯ ಸಂಬಂಧದ ಯೋಗ್ಯತೆಯನ್ನೋ, ವ್ಯವಹಾರದ ಪತನ್ನೋ ಕೆಳಗಿಳಿಸದ, ಅವನ ಶರೀರವು ಅಸಹ್ಯವಾದ ಅಥವಾ ನಾಚಿಕೆಗೇಡಿನ ಸ್ಥಿತಿಯಲ್ಲಿದೆಯೆಂದು ನಂಬಿಸದ ಮಾತು ಮಾನಕ್ಕೆ ಹಾನಿ ಮಾಡಿತೆಂದು ಹೇಳಲಾಗದು ಎಂದು ಕಟ್ಟುಮಾಡುತ್ತದೆ. "ನನಗೆ ಬಹಳ ನೋವಾಯಿತು" ಎಂದು ಫಿರ್ಯಾದಿಯು ಸಾಕ್ಷಿಪೆಟ್ಟಿಗೆಯಲ್ಲಿ ಕಣ್ಣೀರಿಟ್ಟರೆ ಸಾಲದು.

ಮೂರನೆಯ ಅಂಶವೇ ತೊಡಕಿನದು. ಮಾನಕ್ಕೆ ಹಾನಿ ಮಾಡುವ ಉದ್ದೇಶವಿರಬೇಕು. ಇಲ್ಲವೆ ಹಾನಿಯಾಗುವುದೆಂಬ ಅರಿವಿರಬೇಕು. ಇಲ್ಲವೆ ಹಾಗೆಂದು ನಂಬಲು ಕಾರಣವಿರಬೇಕು. ಈ ಮೂರರಲ್ಲೊಂದು ಸಾಕು. ಹಗೆತನವನ್ನೇ ಶಾಬೀತು ಮಾಡಬೇಕೆಂದು ತಿಳಿಯುವುದು ತಪ್ಪು. ಹಾಗೆಯೇ, ವ್ಯಾಪಾರ ಕೆಟ್ಟಿತು, ಮಗಳ ಮದುವೆಯ ಮಾತು ಮುರಿಯಿತು ಎಂಬಂಥ ಪ್ರತ್ಯಕ್ಷ ನಷ್ಟವನ್ನು ತೋರಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ಆದರೆ ಇಷ್ಟರಿಂದ ಫಿರ್ಯಾದಿಯ ಕೆಲಸವು ಸುಲಭವಾಯಿತೆಂದು ಭಾವಿಸಬಾರದು. ಆಡಿದ ಶಬ್ದಗಳನ್ನು, ಆಡಿದವನು ಆರೋಪಿಯೇ ಎಂಬುದನ್ನು, ಅವು ತನ್ನನ್ನೇ ಕುರಿತವೆಂಬುದನ್ನು, ಓದಿದವರು ಹಾಗೆ ಅರ್ಥಮಾಡಿಕೊಂಡರೆಂಬುದನ್ನು, ಎಲ್ಲವನ್ನೂ ಯುಕ್ತವಾದ ಸಂಶಯಕ್ಕೆ ಆಸ್ಪದವಿಲ್ಲದಂತೆ ಅವನು ತೋರಿಸಬೇಕು. ಇದು ಫೌಜದಾರಿ ಖಟ್ಲೆ. ನಷ್ಟ ತುಂಬಿಕೊಡೆಂದು ಕೇಳುವ ದಿವಾಣಿ ದಾವೆಯಲ್ಲ.

ದಿವಾಣಿ ದಾವೆಯ ಮಾತು ಬಂದಿತಾದ್ದರಿಂದ ಒಂದು ಮಹತ್ವದ ಭೇದವನ್ನು ಹೇಳಬೇಕು. ಮುಂಬಯಿಯಲ್ಲಿ ಕರಸನದಾಸ ಮೂಳಜಿಯೆಂಬ ಗುಜರಾತಿ ಸುಧಾರಕರು ತಮ್ಮ ಸತ್ಯಪ್ರಕಾಶ ಪತ್ರಿಕೆಯಲ್ಲಿ ವೈಷ್ಣವ ಮಹಾರಾಜರೊಬ್ಬರ ದುರಾಚಾರವನ್ನು ಬಯಲಿಗೆಳೆದರೆಂದು ಆ ಮಹಾರಾಜರು ಐವತ್ತು ಸಾವಿರ ರೂಪಾಯಿಗಳ ದಾವೆ ಹೂಡಿದ್ದರು. ೧೮೬೨ರಲ್ಲಿ ಸುಪ್ರೀಮ ಕೋರ್ಟು ಕರಸನದಾಸರ ಪರವಾಗಿ ತೀರ್ಪು ಕೊಟ್ಟಿತು. ಬರೆದದ್ದು ನಿಜವೆಂದು ಅವರು ತೋರಿಸಿಕೊಟ್ಟಿದ್ದರು. ದಿವಾಣಿ ದಾವೆಯಲ್ಲಿ ಸತ್ಯವು ತಾನೇ ಪೂರ್ಣ ರಕ್ಷಣೆ. ಫೌಜದಾರಿಯಲ್ಲಿ ಹಾಗಲ್ಲ. ಮೊದಲನೆಯ ಅಪವಾದದ ಪ್ರಕಾರ ಹೇಳಿದ್ದು ಸತ್ಯವಾಗಿರಬೇಕು. ಅಷ್ಟೇ ಅಲ್ಲ, ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಒಬ್ಬ ಗೃಹಸ್ಥನ ಯೌವನದ ತಪ್ಪೊಂದನ್ನು ಮೂವತ್ತು ವರುಷಗಳ ನಂತರ ಅವನ ಬೀಗರ ಮುಂದೆ ಬಿಚ್ಚಿದವನು, ಆ ತಪ್ಪು ನಡೆದದ್ದು ನಿಜವೆಂದು ಸಾರಿದ ಮಾತ್ರಕ್ಕೆ ಪಾರಾಗಲಾರ. ಸತ್ಯವನ್ನು ಹೇಳಿಯೂ ಸೆರೆಮನೆಗೆ ಹೋಗಬಹುದೆಂಬ ಈ ಸಂಗತಿಯು ಸತ್ಯಮೇವ ಜಯತೇ ಎಂಬುದನ್ನು ಮುದ್ರೆಯಾಗಿ ಧರಿಸಿದ ರಾಷ್ಟ್ರದಲ್ಲಿ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ.

ಹತ್ತು ಅಪವಾದಗಳನ್ನೂ ಇಲ್ಲಿ ವಿವರಿಸಲು ಸ್ಥಳವಿಲ್ಲ. ಸರ್ಕಾರಿ ನೌಕರನ ಅಧಿಕೃತ ವರ್ತನೆಯ ಮೇಲೂ, ಸಾರ್ವಜನಿಕ ಪ್ರಶ್ನೆಯಲ್ಲಿ ಯಾರೇ ಆಗಲಿ ನಡೆದುಕೊಂಡ ರೀತಿಯ ಮೇಲೂ ಸದ್ಭಾವದಿಂದ ಕೊಟ್ಟ ಅಭಿಪ್ರಾಯವು ಗುನ್ಹೆಯಲ್ಲ. ಕೋರ್ಟಿನ ಕಲಾಪಗಳ ಯಥಾರ್ಥವಾದ ವರದಿಯು ಗುನ್ಹೆಯಲ್ಲ. ಲೋಕದ ಮುಂದಿಟ್ಟ ಕೃತಿಯ ವಿಮರ್ಶೆಯು ಗುನ್ಹೆಯಲ್ಲ. ಪುಸ್ತಕವು ನೀರಸವೆಂದೂ ಬರೆದವನಿಗೆ ಬುದ್ಧಿ ಸಾಲದೆಂದೂ ಪುಸ್ತಕವನ್ನು ಓದಿ ಹೇಳಬಹುದು, ಆದರೆ ಪುಸ್ತಕದಲ್ಲಿ ಕಾಣದ ಲಂಪಟತನವನ್ನು ಅವನಿಗೆ ಅಂಟಿಸಲಾಗದು. ಅಧಿಕಾರಿಗಳಾದ ವಾಚಕರಿಗೆ ಏಳನೆಯ ಅಪವಾದವು ವಿಶೇಷವಾಗಿ ಬೇಕಾದದ್ದು. ಕಾಯದೆಯ ಪ್ರಕಾರ ಮೇಲಧಿಕಾರವುಳ್ಳವನು ತನ್ನ ಕೈಕೆಳಗಿನವನನ್ನು, ಆ ಅಧಿಕಾರಕ್ಕೆ ಸಂಬಂಧಿಸಿದ ವಿಷಯದಲ್ಲಿ, ಸದ್ಭಾವದಿಂದ ಆಕ್ಷೇಪಿಸಿದರೆ ಅದು ಮಾನಹಾನಿಯಾಗುವುದಿಲ್ಲ. ಎಂಟನೆಯದು ನೊಂದ ರಯತನಿಗೆ ಬೇಕಾದದ್ದು: ತಲಾಟಿಯ ಮೇಲೆ ತಹಶೀಲದಾರರಿಗೆ ಸದ್ಭಾವದಿಂದ ಅರ್ಜಿ ಕೊಟ್ಟವನ ಮೇಲೆ ಮಾನಹಾನಿಯ ಹೊರೆಯನ್ನು ಹೊರಿಸಲಾಗದು.

ಇವುಗಳಲ್ಲಿ ಬಹುಪಾಲಿನ ಬೀಗದ ಕೈ ಒಂದೇ: ಸದ್ಭಾವ. ಈ ಶಬ್ದಕ್ಕೆ ಜನರು ಕೊಡುವ ಅರ್ಥ ಬೇರೆ, ದಂಡಸಂಹಿತೆ ಕೊಡುವ ಅರ್ಥ ಬೇರೆ. ಮನಸ್ಸಿನಲ್ಲಿ ಕಪಟವಿಲ್ಲದಿದ್ದರೆ ಸದ್ಭಾವವಾಯಿತೆಂದು ನಾವು ನೀವು ತಿಳಿಯುತ್ತೇವೆ. ಸಂಹಿತೆಯು ಹೇಳುವುದೇನೆಂದರೆ, ತಕ್ಕ ಜಾಗ್ರತೆಯೂ ಲಕ್ಷ್ಯವೂ ಇಲ್ಲದೆ ಮಾಡಿದ್ದಾವುದೂ ಸದ್ಭಾವದಿಂದ ಮಾಡಿದ್ದಲ್ಲ. ಕೊಲ್ಹಾಪುರದ ಖಟ್ಲೆಯ ತರುಣ ಸಂಪಾದಕರಲ್ಲಿ ಕಪಟವಿತ್ತೆಂದು ಅವರ ವೈರಿಗಳೂ ಹೇಳಿರಲಾರರು, ಜಾಗ್ರತೆಯು ಸಾಲದಾಯಿತು. ನಮ್ಮ ವೃತ್ತಿಬಾಂಧವರಲ್ಲಿ "ಎಂದು ತಿಳಿದುಬಂದಿದೆ", "ಎಂದು ಜನರು ಆಡಿಕೊಳ್ಳುತ್ತಿದ್ದಾರೆ" ಎಂದು ಬಾಲ ಹಚ್ಚಿದರೆ ಹೊಣೆ ತಪ್ಪುತ್ತದೆಂದು ನಂಬಿದವರಿದ್ದಾರೆ. ತಪ್ಪುವುದಿಲ್ಲ. ಗಾಳಿಮಾತನ್ನು ಮರುನುಡಿದವನೂ ಆಡಿದವನೇ.

ಈ ಸದ್ಭಾವವನ್ನು ಯಾರು, ಎಷ್ಟರ ಮಟ್ಟಿಗೆ ಶಾಬೀತು ಮಾಡಬೇಕು? ಅಪವಾದದ ಆಶ್ರಯ ಕೇಳುವವನು ಆರೋಪಿ. ಭಾರವು ಅವನ ಮೇಲೆ. ಆದರೆ ಎಷ್ಟು ಭಾರ? ಇದನ್ನು ತಿಳಿಯಾಗಿ ಹೇಳಿದ್ದು ೧೯೬೫ರ ಹರಭಜನ ಸಿಂಗ ವಿರುದ್ಧ ಪಂಜಾಬ ಸರ್ಕಾರ ಎಂಬ ಖಟ್ಲೆ. ಪಂಜಾಬದ ಮುಖ್ಯಮಂತ್ರಿಗಳಾಗಿದ್ದ ಪ್ರತಾಪಸಿಂಗ ಕೈರೋನರ ಮಗನು ಕಳ್ಳಸಾಗಾಣಿಕೆಯವರ ಮುಖಂಡನೆಂಬ ಅರ್ಥದ ಹೇಳಿಕೆಯನ್ನು ಹರಭಜನ ಸಿಂಗರು ೧೯೫೭ರಲ್ಲಿ ಪತ್ರಿಕೆಗಳಿಗೆ ಕೊಟ್ಟಿದ್ದರು. ಕೆಳಗಿನ ಕೋರ್ಟುಗಳು ಶಿಕ್ಷೆ ವಿಧಿಸಿದವು. ಗಜೇಂದ್ರಗಡಕರರು ಮುಖ್ಯ ನ್ಯಾಯಾಧೀಶರಾಗಿದ್ದ ಸುಪ್ರೀಮ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಫಿರ್ಯಾದಿಯಂತೆ ಆರೋಪಿಯೂ ಸಂಶಯಾತೀತವಾಗಿ ಶಾಬೀತು ಮಾಡಬೇಕಾಗಿಲ್ಲ. ಸಂಭಾವ್ಯತೆಯ ತಕ್ಕಡಿ ತನ್ನ ಕಡೆಗೆ ವಾಲುತ್ತದೆಂದು ತೋರಿಸಿದರೆ ಸಾಕು. ಇನ್ನೊಂದು ಮಾತನ್ನೂ ಆ ತೀರ್ಪು ಹೇಳಿತು. ಒಂಬತ್ತನೆಯ ಅಪವಾದದಲ್ಲಿ, ಅಂದರೆ ಸಾರ್ವಜನಿಕ ಹಿತಕ್ಕಾಗಿ ಸದ್ಭಾವದಿಂದ ಮಾಡಿದ ಆಪಾದನೆಯಲ್ಲಿ, ಆಪಾದನೆಯು ಸತ್ಯವೆಂದು ಅಕ್ಷರಶಃ ತೋರಿಸಬೇಕಾಗಿಲ್ಲ. ತಕ್ಕ ವಿಚಾರಣೆ ಮಾಡಿ, ಸಕಾರಣವಾಗಿ ನಂಬಿ ಹೇಳಿದನೋ ಎಂಬುದು ಪ್ರಶ್ನೆ. ಅಧಿಕಾರಸ್ಥರ ಮನೆಯವರ ಬಗ್ಗೆ ಬರೆಯುವ ಪ್ರತಿಯೊಬ್ಬ ಪತ್ರಕರ್ತನೂ ಈ ತೀರ್ಪಿಗೆ ಋಣಿ.

ಅದೇ ವರುಷ, ೧೯೬೫ರಲ್ಲಿ, ಅಲಿಗಡದ ಕಲಿಯುಗ ಎಂಬ ಪತ್ರಿಕೆಯ ಸಂಪಾದಕರಿಗೆ ಅದೇ ಸುಪ್ರೀಮ ಕೋರ್ಟಿನಲ್ಲಿ ಇಂಥ ಭಾಗ್ಯವಿರಲಿಲ್ಲ. ಅಲ್ಲಿಯ ಸರ್ಕಾರಿ ವಕೀಲರು ಲಂಚಕೋರರೆಂದು ಅವರು ಬರೆದಿದ್ದರು. ತಮ್ಮ ಮಾತಿಗೆ ಆಧಾರವೇನೆಂದು ತೋರಿಸಲಾರದೆ ಹೋದರು, ಶಿಕ್ಷೆ ಉಳಿಯಿತು. ಯಾರನ್ನೂ ಹೆಸರಿಸಿ ಬರೆದಿಲ್ಲವೆಂಬ ಅವರ ವಾದವೂ ನಿಲ್ಲಲಿಲ್ಲ, ಏಕೆಂದರೆ ಒಂದು ಊರಿನ ಸರ್ಕಾರಿ ವಕೀಲರೆಂದರೆ ಬೆರಳೆಣಿಕೆಯ ಜನ, ಗುರುತಿಸಬಹುದಾದ ಗುಂಪು. ಎರಡು ಖಟ್ಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆರೋಪದ ಉಗ್ರತೆಯಲ್ಲಿ ಅಂತರವಿಲ್ಲ, ಆಧಾರದಲ್ಲಿದೆ.

ಗುಂಪಿನ ಈ ಪ್ರಶ್ನೆಯು ನಮ್ಮ ಕೋಲಾರದಿಂದಲೇ ಇತ್ತೀಚೆಗೆ ದೇಶದ ಲಕ್ಷ್ಯವನ್ನು ಸೆಳೆಯಿತು. ೧೯೭೨ರಲ್ಲಿ ಸುಪ್ರೀಮ ಕೋರ್ಟು ಮದರಾಸಿನ ಪತ್ರಿಕೆಗಳ ಖಟ್ಲೆಯೊಂದರಲ್ಲಿ, ಸೇಲಂನಲ್ಲಿ ನೆರೆದ ಸಮ್ಮೇಳನವೆಂಬುದು ಇಂತಿಷ್ಟೇ ಜನರೆಂದು ನಿರ್ಧರಿಸಲಾಗದ ಸಮೂಹವಾದುದರಿಂದ ಅದರಲ್ಲೊಬ್ಬರು ತಮ್ಮ ಮಾನ ಹೋಯಿತೆಂದು ಫಿರ್ಯಾದಿ ಕೊಡಲಾಗದೆಂದು ಹೇಳಿತ್ತು. ೨೦೧೦ರಲ್ಲಿ ತಮಿಳು ಚಿತ್ರನಟಿ ಖುಷ್ಬೂ ಅವರ ಮೇಲೆ ಹೂಡಿದ ೨೩ ಫಿರ್ಯಾದಿಗಳನ್ನು ಅದೇ ತತ್ತ್ವದಿಂದ ರದ್ದು ಮಾಡಿತು. ತಮಿಳು ನಾಡಿನ ಸ್ತ್ರೀಯರೆಲ್ಲರ ಮಾನವನ್ನು ತಾವೇ ವಹಿಸಿಕೊಂಡವರು ಕಾಯದೆಯ ದೃಷ್ಟಿಯಿಂದ ನೊಂದವರಲ್ಲ. ಆ ಬಳಿಕ ೨೦೧೯ರ ಏಪ್ರಿಲ ೧೩ರಂದು ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ ಗಾಂಧಿಯವರು ಮೋದಿ ಎಂಬ ಅಡ್ಡಹೆಸರಿನ ಮೇಲೆ ಆಡಿದ ಮಾತಿಗಾಗಿ, ಅದೇ ಅಡ್ಡಹೆಸರಿನ ಗುಜರಾತದ ಶಾಸಕರೊಬ್ಬರು ಸೂರತದಲ್ಲಿ ಖಟ್ಲೆ ಹೂಡಿದರು. ೨೦೨೩ರ ಮಾರ್ಚ ೨೩ರಂದು ಎರಡು ವರುಷಗಳ ಶಿಕ್ಷೆಯಾಯಿತು. ಲೋಕಸಭೆಯ ಸದಸ್ಯತ್ವವು ಹೋಯಿತು. ಆಗಸ್ಟ ೪ರಂದು ಸುಪ್ರೀಮ ಕೋರ್ಟು ದೋಷನಿರ್ಣಯಕ್ಕೆ ತಡೆ ಕೊಟ್ಟಿತು. ಆರೋಪವು ಸರಿಯೋ ತಪ್ಪೋ ಎಂಬುದನ್ನು ಆ ಆಜ್ಞೆಯು ತೀರ್ಮಾನಿಸಲಿಲ್ಲ. ಆದರೆ ಕಾಯದೆಯಲ್ಲಿರುವ ಅತ್ಯಧಿಕ ಶಿಕ್ಷೆಯನ್ನೇ ಏಕೆ ಕೊಡಬೇಕಾಯಿತೆಂಬುದಕ್ಕೆ ಮ್ಯಾಜಿಸ್ಟ್ರೇಟರು ಕಾರಣ ಹೇಳಿಲ್ಲವೆಂದೂ, ಒಂದು ದಿನ ಕಡಿಮೆಯಾಗಿದ್ದರೆ ಸದಸ್ಯತ್ವವು ಹೋಗುತ್ತಿರಲಿಲ್ಲವೆಂದೂ ಅದು ಎತ್ತಿ ತೋರಿಸಿತು. ಆಡಿದವರ ಪಕ್ಷ ಯಾವುದು, ಫಿರ್ಯಾದಿಯ ಪಕ್ಷ ಯಾವುದು ಎಂಬುದನ್ನು ಬದಿಗಿಟ್ಟೇ ನಾವು ಹೇಳುತ್ತೇವೆ: ಇಂಥ ಮಾತು ಸಭ್ಯವಲ್ಲ, ಆದರೆ ಬೇರೆ ಬೇರೆ ಜಾತಿ ಪ್ರಾಂತಗಳಲ್ಲಿ ಹರಡಿಕೊಂಡಿರುವ ಅಡ್ಡಹೆಸರೊಂದು ನಿರ್ದಿಷ್ಟವಾದ ಸಮೂಹವಾಗುತ್ತದೆಯೆ ಎಂಬ ಪ್ರಶ್ನೆಗೆ ಹಿಂದಿನ ತೀರ್ಪುಗಳ ಬೆಳಕಿನಲ್ಲಿ ಉತ್ತರವು ಅಷ್ಟು ಸುಲಭವಲ್ಲ.

ಸರ್ಕಾರಿ ಅಧಿಕಾರಿಗಳ ವಿಷಯದಲ್ಲಿ ಬೇರೊಂದು ದಾರಿಯುಂಟು. ಸಾಮಾನ್ಯನು ತಾನೇ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದಿ ಕೊಡಬೇಕು. ಪೋಲೀಸರು ತಾವಾಗಿ ಈ ಗುನ್ಹೆಯನ್ನು ದಾಖಲು ಮಾಡಿಕೊಂಡು ತನಿಖೆಗೆ ಇಳಿಯುವಂತಿಲ್ಲ. ಆದರೆ ಮಂತ್ರಿಯನ್ನೋ ಸರ್ಕಾರಿ ನೌಕರನನ್ನೋ ಅವನ ಅಧಿಕೃತ ಕಾರ್ಯದ ಸಂಬಂಧವಾಗಿ ನಿಂದಿಸಿದ್ದಾದರೆ, ಸರ್ಕಾರದ ಮಂಜೂರಾತಿ ಪಡೆದು ಸರ್ಕಾರಿ ವಕೀಲರು ಆರು ತಿಂಗಳೊಳಗಾಗಿ ನೇರವಾಗಿ ಸೆಷನ್ಸ ಕೋರ್ಟಿಗೆ ಫಿರ್ಯಾದಿ ಕೊಡಬಹುದು. ಖರ್ಚು ಖಜಾನೆಯದು. ಈ ಸೌಕರ್ಯವನ್ನು ಸರ್ಕಾರಗಳು ಹೇಗೆ ಉಪಯೋಗಿಸಿಕೊಂಡಿವೆ ಎಂಬುದು ಹೆಮ್ಮೆಯ ಕಥೆಯಲ್ಲ. ಮಧ್ಯಪ್ರದೇಶದಲ್ಲಿ ಮುಖ್ಯಮಂತ್ರಿಗಳ ಬಂಧುಗಳನ್ನು ಕುರಿತ ಆಪಾದನೆಗಾಗಿ ವಿರೋಧಪಕ್ಷದ ವಕ್ತಾರ ಕೆ. ಕೆ. ಮಿಶ್ರರ ಮೇಲೆ ಸರ್ಕಾರವೇ ಖಟ್ಲೆ ಹೂಡಿತು. ಅದು ಅಧಿಕೃತ ಕಾರ್ಯದ ಸಂಬಂಧವಾದ ಆಪಾದನೆಯಲ್ಲವೆಂದು ೨೦೧೮ರಲ್ಲಿ ಸುಪ್ರೀಮ ಕೋರ್ಟು ಅದನ್ನು ರದ್ದು ಮಾಡಿತು. ತಮಿಳು ನಾಡಿನ ಸರ್ಕಾರವು ಪತ್ರಿಕೆಗಳ ಮೇಲೆ ಹೂಡಿದ್ದ ಅನೇಕ ಖಟ್ಲೆಗಳನ್ನು ೨೦೨೦ರಲ್ಲಿ ಮದರಾಸು ಹೈಕೋರ್ಟು ರದ್ದು ಮಾಡುತ್ತ, ಸರ್ಕಾರಿ ವಕೀಲರು ಬಂದ ಕಾಗದವನ್ನು ಹಾಗೆಯೇ ಮುಂದೆ ಸಾಗಿಸುವ ಟಪಾಲು ಕಚೇರಿಯಂತೆ ವರ್ತಿಸಕೂಡದೆಂದು ಎಚ್ಚರಿಸಿತು. ಅಧಿಕಾರಿಯ ಖಾಸಗಿ ಮಾನವು ಹೋಗಿದ್ದರೆ ಅವನು ಸ್ವಂತ ಖರ್ಚಿನಿಂದ ಸಾಮಾನ್ಯನಂತೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಲಿ; ಆ ಬಾಗಿಲು ಅವನಿಗೆ ತೆರೆದೇ ಇದೆ.

ಬೆಂಗಳೂರಿನ ಖಟ್ಲೆಯೊಂದನ್ನು ಇಲ್ಲಿ ಹೇಳಲೇಬೇಕು. ೨೦೧೪ರಲ್ಲಿ ಅಲ್ಲಿಯ ಹರಾಜು ಸಂಸ್ಥೆಯೊಂದು ಮಾರಾಟಕ್ಕಿಟ್ಟ ಚಿತ್ರಗಳು ಅಸಲಿಯೋ ನಕಲಿಯೋ ಎಂಬ ಸಂಶಯವನ್ನೆತ್ತಿದ ಲೇಖನಗಳು ಇಂಗ್ಲಿಷ ಪತ್ರಿಕೆಯೊಂದರಲ್ಲಿ ಬಂದವು. ಸಂಸ್ಥೆಯು ಬರೆದವರ ಮೇಲಲ್ಲದೆ ಸಂಪಾದಕೀಯ ನಿರ್ದೇಶಕರ ಮೇಲೂ ಮಾನಹಾನಿಯ ಫಿರ್ಯಾದಿ ಕೊಟ್ಟಿತು. ಮ್ಯಾಜಿಸ್ಟ್ರೇಟರು ಸಮನ್ಸು ಕಳಿಸಿದರು. ಹೈಕೋರ್ಟು ಅದನ್ನು ರದ್ದು ಮಾಡಲು ಒಪ್ಪಲಿಲ್ಲ. ೨೦೨೫ರ ಫೆಬ್ರುವರಿಯಲ್ಲಿ ಸುಪ್ರೀಮ ಕೋರ್ಟು ರದ್ದು ಮಾಡಿತು. ಲೇಖನಗಳಿಂದ ತನ್ನ ಬೆಲೆಯು ಜನರ ದೃಷ್ಟಿಯಲ್ಲಿ ಇಳಿಯಿತೆಂದು ಹೇಳಲು ಸಂಸ್ಥೆಯು ಸಾಕ್ಷಿಗಳನ್ನು ಮುಂದೆ ತಂದಿರಲಿಲ್ಲ. ಬೇರೆ ಊರಿನಲ್ಲಿ ವಾಸಿಸುವ ಆರೋಪಿಗಳಿಗೆ ಸಮನ್ಸು ಕಳಿಸುವ ಮೊದಲು ನಡೆಯಬೇಕಾದ ವಿಚಾರಣೆಯು ನಡೆದಿರಲಿಲ್ಲ. ನಿರ್ದೇಶಕರು ತಾವಾಗಿ ಮಾಡಿದ್ದೇನೆಂಬುದು ಫಿರ್ಯಾದಿಯಲ್ಲಿರಲಿಲ್ಲ. ನ್ಯಾಯವು ದೊರೆಯಿತೆಂದು ಸಂತೋಷಪಡಬಹುದು. ಆದರೆ ಮೊದಲನೆಯ ಮೆಟ್ಟಿಲಿನಲ್ಲಿಯೇ ಕೇಳಬೇಕಾಗಿದ್ದ ಪ್ರಶ್ನೆಗಳಿಗೆ ಉತ್ತರ ದೊರೆಯಲು, ಲೇಖನಗಳು ಅಚ್ಚಾದಂದಿನಿಂದ ಹತ್ತು ವರುಷಗಳು ಹಿಡಿದವು. ದೊಡ್ಡ ಪತ್ರಿಕೆಯು ಅಷ್ಟು ಕಾಲ ವಕೀಲರನ್ನು ಇಟ್ಟುಕೊಂಡು ನಿಂತೀತು. ಜಿಲ್ಲೆಯ ಊರಿನಲ್ಲಿ ಒಂದು ಯಂತ್ರ, ಇಬ್ಬರು ನೌಕರರಿಂದ ವಾರಪತ್ರಿಕೆ ನಡೆಯಿಸುವವನು ನಿಲ್ಲಬಲ್ಲನೆ? ಅವನಿಗೆ ತೀರ್ಪಿನಿಂದ ಆಗುವ ಶಿಕ್ಷೆಗಿಂತ ತಾರೀಖಿನಿಂದ ತಾರೀಖಿಗೆ ಅಲೆಯುವ ಶಿಕ್ಷೆಯೇ ದೊಡ್ಡದು. ಇದನ್ನು ಬಲ್ಲ ಸಿರಿವಂತರೂ ಬಲವಂತರೂ ಗೆಲ್ಲುವ ಆಸೆಯಿಲ್ಲದೆಯೇ ಖಟ್ಲೆ ಹೂಡುತ್ತಾರೆ.

ಹಾಗಾದರೆ ಇದು ಗುನ್ಹೆಯಾಗಿ ಉಳಿಯಬೇಕೆ? ೨೦೧೬ರ ಮೇ ೧೩ರಂದು ಸುಬ್ರಮಣಿಯನ್ ಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಮ ಕೋರ್ಟು ಈ ಕಲಮು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಎತ್ತಿಹಿಡಿಯಿತು. ಮಾನವು ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. ೨೦೨೪ರ ಫೆಬ್ರುವರಿಯಲ್ಲಿ ಕಾಯದೆ ಆಯೋಗವು ತನ್ನ ೨೮೫ನೆಯ ವರದಿಯಲ್ಲಿ ಇದನ್ನು ಉಳಿಸಬೇಕೆಂದೇ ಸೂಚಿಸಿತು. ಅವರ ಕಾರಣಗಳಲ್ಲಿ ಬಲವಿಲ್ಲವೆಂದು ನಾವು ಹೇಳುವುದಿಲ್ಲ. ದಿವಾಣಿ ದಾವೆಗೆ ಹಣವೂ ಕಾಲವೂ ಬೇಕು. ಬಡ ಶಾಲಾಶಿಕ್ಷಕಿಯ ಶೀಲದ ಮೇಲೆ ಊರ ಪುಂಡನೊಬ್ಬನು ಕೆಸರೆರಚಿದರೆ ಆಕೆಗೆ ಮ್ಯಾಜಿಸ್ಟ್ರೇಟರ ಬಾಗಿಲು ಹತ್ತಿರದ್ದು. ಆದರೆ ಈ ಕಾಯದೆಯನ್ನು ನಮ್ಮ ಮೇಲೆ ಹೇರಿಹೋದ ಇಂಗ್ಲಿಷರು ತಮ್ಮ ದೇಶದ ಫೌಜದಾರಿ ನಿಂದೆಯ ಕಾಯದೆಯನ್ನು ೨೦೧೦ರಲ್ಲಿ ಅಳಿಸಿಹಾಕಿದರು. ನೆರೆಯ ಸಿಂಹಳವು ೨೦೦೨ರಲ್ಲಿಯೇ ಅಳಿಸಿತು. ಅವರ ಜನರ ಮಾನವು ಅದರಿಂದ ಹರಾಜಿಗೆ ಬಿದ್ದಂತೆ ಕಾಣುವುದಿಲ್ಲ. ೧೮೩೭ರ ಕರಡನ್ನು ೨೦೨೩ರಲ್ಲಿ ಹೊಸ ಹೆಸರಿನಿಂದ ಮರುಪ್ರಕಟಿಸುವಾಗ, ಕಡೆಗೆ ಸಾರ್ವಜನಿಕ ಕಾರ್ಯಗಳ ಟೀಕೆಯ ಮಟ್ಟಿಗಾದರೂ ಸೆರೆವಾಸವನ್ನು ತೆಗೆದುಹಾಕುವ ಅವಕಾಶವಿತ್ತು. ಅದನ್ನು ಕಳೆದುಕೊಂಡೆವೆಂದೇ ನಮ್ಮ ಅಭಿಪ್ರಾಯ.

ಇದ್ದುದರಲ್ಲಿ ಒಂದು ಸುಧಾರಣೆಯು ಮಾತ್ರ ಸದ್ದಿಲ್ಲದೆ ಬಂದಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ೨೨೩ನೆಯ ಕಲಮಿನ ಪ್ರಕಾರ, ಫಿರ್ಯಾದಿಯ ಮೇಲಿಂದ ಗುನ್ಹೆಯನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲು ಮ್ಯಾಜಿಸ್ಟ್ರೇಟರು ಆರೋಪಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ಹಿಂದೆ ಸಮನ್ಸು ಬಾಗಿಲಿಗೆ ಬಂದ ಮೇಲೆಯೇ ಖಟ್ಲೆಯಿದೆಯೆಂದು ತಿಳಿಯುತ್ತಿತ್ತು. ಆ ಮೊದಲ ದಿನವೇ ಮ್ಯಾಜಿಸ್ಟ್ರೇಟರು ಫಿರ್ಯಾದಿಯನ್ನು ಕೇಳಬಹುದು: ಆಡಿದ ಶಬ್ದಗಳು ಯಾವುವು? ಅವು ನಿಮ್ಮನ್ನೇ ಕುರಿತವೆಂದು ಯಾರು ಹೇಳುತ್ತಾರೆ? ಓದಿದವರಲ್ಲಿ ಯಾರನ್ನು ಕರೆತಂದಿದ್ದೀರಿ? ಈ ಆರೋಪಿಯು ಅದರಲ್ಲಿ ಮಾಡಿದ್ದೇನು?